ಶ್ರೀಧರ್ ರಂಗಾಯನ್ ಹಿಡಿದ ದಾರಿ ನೋಡಿಕೊಂಡು ಬನಹಟ್ಟಿಯಲ್ಲಿ ಕಿರುಚಿತ್ರ: ಎಲ್ಲಿಂದ ಶುರು ಮಾಡಬೇಕು?

ಮಗ್ಗದಮನಿ (ರಬಕವಿ-ಬನಹಟ್ಟಿ)

ಎಲ್ಲರಿಗೂ ಶರಣು. ಮೂರು ಮಂದಿ ಸೇರಿ 18 ನಿಮಿಷದ ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಮುಗಿಸಿದ್ದೇವೆ. ಪವರ್‌ಲೂಮ್ ಓಣಿಯ ಒಂದು ಮನೆ. ಮಗನಿಗೆ ಕನ್ಯಾ ನೋಡೋದು ನಡೆದಿದೆ, ಬೆಳಗಾದರೆ ಬೀಗರು ಬರುವವರು. ಹಿಂದಿನ ಸಂಜೆ ಒಲೆ ಮುಂದೆ ರೊಟ್ಟಿ ಬಡಿಯುತ್ತ ಕುಂತ ಅವ್ವನ ಹತ್ತಿರ ಬಂದು ಅವನು ತಾನು ಗೇ ಅಂತ ಹೇಳುತ್ತಾನೆ. ಕಥೆ ಇಷ್ಟೇ. ದುಡ್ಡು 2 ಲಕ್ಷ ಕೂಡಿಸಿದ್ದೇವೆ.

ಮಂಡ್ಯದವರಾದ ಶ್ರೀಧರ್ ರಂಗಾಯನ್ ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ವಿಷಯದ ಮೇಲೆ ಸಿನಿಮಾ ಮಾಡಿಕೊಂಡು, ಮುಂಬೈಯಲ್ಲಿ ಉತ್ಸವವನ್ನೂ ನಡೆಸಿಕೊಂಡು ಬಂದಿದ್ದಾರೆ. ತಿಳಿದವರು ಹೇಳಿ:

ದೊಡ್ಡ ನಿರ್ಮಾಪಕರಿಲ್ಲದೆ ಅವರು ಅಷ್ಟು ವರ್ಷ ನಿಂತದ್ದು ಹೇಗೆ? ಅದರಲ್ಲಿ ನಮ್ಮಂಥವರು ಕಲಿಯೋದು ಏನು? 2 ಲಕ್ಷವನ್ನು ಯಾವುದಕ್ಕೆ ಎಷ್ಟು ಹಂಚಬೇಕು? ಸೆನ್ಸಾರ್ ಬೇಕೋ ಬೇಡವೋ? ಮುಗಿದ ಮೇಲೆ ಮೊದಲು ಎಲ್ಲಿಗೆ ಕಳಿಸಬೇಕು?

ಕೃಷ್ಣಾತೀರ (ವಿಜಯಪುರ)

ಮೊದಲ ಪ್ರಶ್ನೆಗೆ ನಾನು ಬರೆಯುತ್ತೇನೆ. ರಂಗಾಯನ್ ಅವರ ಕೆಲಸವನ್ನು ಬರೀ ಸಿನಿಮಾ ಪಟ್ಟಿಯಾಗಿ ಓದಿದರೆ ಅರ್ಧವಷ್ಟೇ ಸಿಗುತ್ತದೆ. ಯಾವ ಸಿನಿಮಾ ಯಾರ ದುಡ್ಡಿನಲ್ಲಿ ಆಯಿತು, ಯಾವ ಬಾಗಿಲಿನಿಂದ ಜನರ ಹತ್ತಿರ ಹೋಯಿತು ಅನ್ನುವ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆಗ ಇಡೀ ದಾರಿ ಕಾಣುತ್ತದೆ.

ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್‌ನಲ್ಲಿ ಓದಿ ಬಂದವರು. ಹೊಟ್ಟೆಪಾಡಿಗೆ ಹಿಂದಿ ಟಿವಿಯ ಬರವಣಿಗೆ, ನಿರ್ದೇಶನ. 1994ರಲ್ಲಿ ಅಶೋಕ್ ರಾವ್ ಕವಿ ಮುಂದಾಗಿ ಮುಂಬೈಯಲ್ಲಿ ಗೇ ಸಮುದಾಯದ ಸಂಘಟನೆಯಾದ ಹಮ್‌ಸಫರ್ ಟ್ರಸ್ಟ್ ಕಟ್ಟಿದಾಗ ಅದರ ಸ್ಥಾಪಕರ ಸಾಲಿನಲ್ಲಿ ಇದ್ದವರು. 2001ರಲ್ಲಿ ಸಾಗರ್ ಗುಪ್ತಾ ಜೊತೆ ಸೊಲಾರಿಸ್ ಪಿಕ್ಚರ್ಸ್ ಶುರು ಮಾಡಿದರು. ಅಂದರೆ ಮೊದಲ ಸಿನಿಮಾಕ್ಕೆ ಮುಂಚೆಯೇ ಮೂರು ಆಧಾರ ಕೈಯಲ್ಲಿದ್ದವು: ಸಂಬಳ ಕೊಡುವ ಕೆಲಸ, ಬೆನ್ನಿಗೆ ನಿಲ್ಲುವ ಸಮುದಾಯ, ಹಕ್ಕು ತಮ್ಮಲ್ಲೇ ಉಳಿಸಿಕೊಳ್ಳಲು ಒಂದು ಸ್ವಂತ ಸಂಸ್ಥೆ.

2003ರ 'ಗುಲಾಬಿ ಆಯಿನಾ' 40 ನಿಮಿಷದ್ದು. ಇಬ್ಬರು ಡ್ರ್ಯಾಗ್ ಕ್ವೀನ್‌ಗಳು, ಒಬ್ಬ ಹದಿಹರೆಯದ ಗೇ ಹುಡುಗ, ಅವರೆಲ್ಲರ ಕಣ್ಣು ಬಿದ್ದ ಒಬ್ಬ ಚೆಲುವ. ಬಹುಪಾಲು ನಾಲ್ಕು ಗೋಡೆಯ ನಡುವೆ ನಡೆಯುವ ಮಾತಿನ ಚಿತ್ರ. ಪಾತ್ರ ಕಡಿಮೆ, ಜಾಗ ಕಡಿಮೆ, ಬಟ್ಟೆಬರೆ ಮತ್ತು ಮಾತು ಮಾತ್ರ ಧಾರಾಳ. ಕಡಿಮೆ ದುಡ್ಡಿನಲ್ಲಿ ಸಿನಿಮಾ ಹೇಗೆ ಬರೆಯಬೇಕು ಅನ್ನೋದಕ್ಕೆ ಇದನ್ನೇ ಪಾಠವಾಗಿ ಇಟ್ಟುಕೊಳ್ಳಬಹುದು. ಸೆನ್ಸಾರ್ ಮಂಡಳಿ ಅದನ್ನು ಅಶ್ಲೀಲ ಅಂದು ಪ್ರಮಾಣಪತ್ರ ಕೊಡಲಿಲ್ಲ. ದೇಶದ ಥಿಯೇಟರಿನ ಬಾಗಿಲು ಅದಕ್ಕೆ ಮುಚ್ಚಿತು, ಆದರೆ ಹೊರದೇಶದ ಉತ್ಸವಗಳಲ್ಲಿ ಚಿತ್ರ ವರ್ಷಗಟ್ಟಲೆ ಓಡಿತು. ಇಲ್ಲಿಂದ ಎತ್ತಿಕೊಳ್ಳಬೇಕಾದದ್ದು: ಒಂದು ಬಾಗಿಲು ಮುಚ್ಚಿದರೆ ಚಿತ್ರ ಸಾಯದಂತೆ ಮೊದಲೇ ಇನ್ನೊಂದು ಬಾಗಿಲಿಗೆ ಬೇಕಾದ ಕಾಗದಪತ್ರ, ಸಬ್‌ಟೈಟಲ್ ಸಿದ್ಧ ಇರಬೇಕು.

ಆಮೇಲಿನವುಗಳಲ್ಲಿ ದುಡ್ಡಿನ ಮೂಲ ಬದಲಾಗುತ್ತ ಹೋಗುವುದನ್ನು ಗಮನಿಸಿ. 2007ರ '68 ಪೇಜಸ್' ಎಚ್‌ಐವಿ ಆಪ್ತಸಮಾಲೋಚಕಿಯೊಬ್ಬಳ ದಿನಚರಿಯ ಸುತ್ತ ಇದೆ, ಹಮ್‌ಸಫರ್ ಟ್ರಸ್ಟ್ ಜೊತೆಗೆ ಮಾಡಿದ್ದು. ಆರೋಗ್ಯ ಕಾರ್ಯಕರ್ತರ ತರಬೇತಿಗೂ ಹೊಂದುವ ಸಿನಿಮಾ, ಹಾಗಾಗಿ ಟಿಕೆಟ್ ಮಾರಾಟವನ್ನೇ ನೆಚ್ಚಿಕೊಳ್ಳುವ ಅಗತ್ಯ ಅದಕ್ಕೆ ಇರಲಿಲ್ಲ. 2014ರ 'ಪರ್ಪಲ್ ಸ್ಕೈಸ್' ಸಾಕ್ಷ್ಯಚಿತ್ರ ಪಿಎಸ್‌ಬಿಟಿ (ಪಬ್ಲಿಕ್ ಸರ್ವೀಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್) ಬೆಂಬಲದಿಂದ ಆಗಿ ದೂರದರ್ಶನದಲ್ಲೇ ಪ್ರಸಾರವಾಯಿತು. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಮೇಲಿನ 'ಬ್ರೇಕಿಂಗ್ ಫ್ರೀ' 2015ರಲ್ಲಿ ಸರ್ಕಾರಿ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗಕ್ಕೆ ಹೋಯಿತು, ಕಥೇತರ ವಿಭಾಗದ ಅತ್ಯುತ್ತಮ ಸಂಕಲನಕ್ಕೆ ರಾಷ್ಟ್ರಪ್ರಶಸ್ತಿ ಪಡೆಯಿತು. ಸಂಕಲನ ಪ್ರವೀಣ್ ಆಂಗ್ರೆ ಮತ್ತು ರಂಗಾಯನ್ ಅವರದು. 2003ರಲ್ಲಿ ಪ್ರಮಾಣಪತ್ರ ನಿರಾಕರಿಸಿದ್ದು ಯಾವ ಸರ್ಕಾರಿ ವ್ಯವಸ್ಥೆಯೋ, ಹನ್ನೆರಡು-ಹದಿಮೂರು ವರ್ಷದ ನಂತರ ಅದೇ ವ್ಯವಸ್ಥೆಯ ಇನ್ನೊಂದು ಕೈ ಪ್ರಶಸ್ತಿ ಕೊಟ್ಟಿತು. ನಡುವೆ ಅವರು ಕೆಲಸ ನಿಲ್ಲಿಸಲಿಲ್ಲ, ಅದೇ ಇಲ್ಲಿ ದೊಡ್ಡ ಮಾತು.

2018ರ 'ಈವ್ನಿಂಗ್ ಶ್ಯಾಡೋಸ್' ನಿಮಗೆ ಹತ್ತಿರದ್ದು. ದಕ್ಷಿಣದ ಸಣ್ಣ ಊರು, ಮದುವೆ ಮಾಡಬೇಕೆಂದಿರುವ ಅಪ್ಪ, ತಾಯಿಯ ಮುಂದೆ ಬಾಯಿಬಿಡುವ ಮಗ. ಜನರಿಂದ ಚಂದಾ ಎತ್ತಿ ಮಾಡಿದ ಚಿತ್ರ, ಯು/ಎ ಪ್ರಮಾಣಪತ್ರ ಪಡೆದು, ಉತ್ಸವಗಳನ್ನು ಮುಗಿಸಿ 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಅದನ್ನು ತಪ್ಪದೆ ನೋಡಿ, ನಿಮ್ಮ ಕಥೆ ಅದರ ನೆರಳಾಗದಂತೆ ನೋಡಿಕೊಳ್ಳುವುದಕ್ಕಾದರೂ ನೋಡಿ. ಅಲ್ಲಿ ಹೊರೆಯೆಲ್ಲ ಹೇಳಿದ ಮೇಲೆ ತಾಯಿ ಮನಸ್ಸಿನಲ್ಲಿ ಏನಾಗುತ್ತದೆ ಅನ್ನುವುದರ ಮೇಲಿದೆ. ನಿಮ್ಮದು ಹೇಳುವ ಗಳಿಗೆಯಲ್ಲೇ ಮುಗಿಯುವುದಾದರೆ ಅವ್ವನ ಕೈಗಳಿಗೆ, ಅವಳು ಮಾಡುತ್ತಿರುವ ಕೆಲಸಕ್ಕೆ ಹೆಚ್ಚು ಬರೆಯಿರಿ. ಮಾತು ಕಡಿಮೆಯಾದಷ್ಟೂ ಒಳ್ಳೆಯದು.

ಇನ್ನು ಕಶಿಶ್, ಅಂದರೆ ಅವರು ಮುಂಬೈಯಲ್ಲಿ ನಡೆಸುವ ಚಿತ್ರೋತ್ಸವ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ 377ರ ಹಿಡಿತ ಸಡಿಲಿಸಿತು, ಮರುವರ್ಷ 2010ರಲ್ಲೇ ಕಶಿಶ್ ಶುರುವಾಯಿತು. ಯಾವುದೋ ಸಭಾಭವನದ ಮೂಲೆಯಲ್ಲಿ ಮಾಡದೆ, ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಪಡೆದು ಮಲ್ಟಿಪ್ಲೆಕ್ಸ್‌ನಲ್ಲಿ ಮಾಡಿದರು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಉತ್ಸವ ನಿಲ್ಲಲಿಲ್ಲ, 2014ರಲ್ಲಿ ದಕ್ಷಿಣ ಮುಂಬೈಯ ಲಿಬರ್ಟಿಯಂಥ ದೊಡ್ಡ ಹಳೇ ಥಿಯೇಟರಿಗೆ ಹೋಯಿತು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಎನ್ನುವ ಸುಪ್ರೀಂ ಕೋರ್ಟಿನ ನವತೇಜ್ ಸಿಂಗ್ ಜೋಹರ್ ತೀರ್ಪು ಬಂತು. ಸಿನಿಮಾ ಮಾಡುವವನೇ ಸಿನಿಮಾ ತೋರಿಸುವ ಜಾಗವನ್ನೂ ಕಟ್ಟಿದ್ದು ಅವರ ಇಡೀ ಕೆಲಸದ ಬೆನ್ನೆಲುಬು. ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಯೋಚಿಸಬೇಕಾದ್ದೂ ಇದನ್ನೇ. ಚಿತ್ರಕ್ಕೆ ಕೂಡಿಸಿದ 2 ಲಕ್ಷದಲ್ಲಿ ತೋರಿಸುವ ಖರ್ಚನ್ನು ಮೊದಲ ದಿನವೇ ಬೇರೆ ತೆಗೆದಿಡಿ.

ಬೂಮ್‌ಕೋಲು (ಬಾಗಲಕೋಟೆ, ನವನಗರ)

ನಾ ರೊಕ್ಕದ ಲೆಕ್ಕ, ಶೂಟಿಂಗ್ ಮಾತು ಹೇಳತೀನ್ರಿ.

18 ನಿಮಿಷ ಉದ್ದ ಆತು. 14ಕ್ಕ ಇಳಸ್ರಿ, ಸ್ಕ್ರಿಪ್ಟಿನ ಒಂದು ಪುಟ ಅಂದ್ರ ಸುಮಾರು ಒಂದು ನಿಮಿಷ. ದಿನಕ್ಕ ನಾಲ್ಕೂವರಿ-ಐದು ಪುಟಕ್ಕಿಂತ ಜಾಸ್ತಿ ಹೊಸ ತಂಡಕ್ಕ ಆಗಂಗಿಲ್ಲ, ಮೂರು ದಿನದಾಗ 14 ಪುಟ ಸರಿಯಾಗಿ ಕುಂದರತಾವ. ನಾಲ್ಕನೇ ದಿನ ಬಂತಂದ್ರ ಊಟ, ಬಾಡಿಗಿ ಎಲ್ಲಾ ಸೇರಿ ಎಡಿಟಿಂಗ್ ರೊಕ್ಕ ತಿಂತೈತಿ. ಉತ್ಸವದಾಗ ಸಣ್ಣ ಚಿತ್ರಕ್ಕ ಜಾಗ ಸಿಗೋದೂ ಸುಲಭ.

2 ಲಕ್ಷದ ಹಂಚಿಕಿ ನನ್ನ ಪ್ರಕಾರ ಹಿಂಗ: ಕ್ಯಾಮೆರಾ, ಲೆನ್ಸ್, ಲೈಟ್ ಸೇರಿ 40,000. ಧ್ವನಿ ತಗೊಳ್ಳಾವ್ರು ಮತ್ತ ಅವರ ಸಾಮಾನು 35,000. ಎಡಿಟಿಂಗ್, ಬಣ್ಣ, ಮಿಕ್ಸಿಂಗ್ 35,000. ಕಲಾವಿದರಿಗೆ 30,000. ಊಟ, ವಸತಿ, ಗಾಡಿ 30,000. ಹಾರ್ಡ್ ಡಿಸ್ಕ್, ಡಿಸಿಪಿ (ಥಿಯೇಟರಿನಾಗ ಓಡಸೋ ಡಿಜಿಟಲ್ ಪ್ರತಿ), ಉತ್ಸವದ ಶುಲ್ಕ 20,000. ಉಳಿದ 10,000 ಮುಟ್ಟಬ್ಯಾಡ್ರಿ, ಅದು ತ್ರಾಸಿನ ದಿನಕ್ಕ. ಕ್ಯಾಮೆರಾಕ್ಕ 80,000 ಸುರದು ಧ್ವನಿ ಮರಿತಾರಲ್ರಿ, ಅಂಥಾ ಚಿತ್ರ ಮೊದಲನೇ ನಿಮಿಷದಾಗ ಬಿದ್ದು ಹೊಕ್ಕಾವ. ಚಿತ್ರ ತುಸು ಮಬ್ಬಿದ್ರೂ ಮಂದಿ ನೋಡತಾರ, ಮಾತು ಕೇಳಲಿಲ್ಲಂದ್ರ ಎದ್ದು ಹೊಕ್ಕಾರ.

ಬನಹಟ್ಟಿಯೊಳಗ ದೊಡ್ಡ ಶತ್ರು ಪವರ್‌ಲೂಮ್ ಸಪ್ಪಳ. ಎರಡು ಓಣಿ ಆಚೆ ನಡದ್ರೂ ಗ್ವಾಡಿ ಮುಖಾಂತರ ಬರತೈತಿ, ಯಾವ ಸಾಫ್ಟ್‌ವೇರೂ ಮಾತು ಕೆಡಸದ ಅದನ್ನ ತಗಿಯಂಗಿಲ್ಲ. ಮನಿ ಗೊತ್ತು ಮಾಡೋಮುಂದ ಕಣ್ಣಿಗೆ ಚಂದ ಐತೋ ಇಲ್ಲೋ ಆಮ್ಯಾಲ ನೋಡ್ರಿ. ಮೊದಲು ಶೂಟಿಂಗ್ ಮಾಡೋ ಅದೇ ಹೊತ್ತಿಗೆ ಹೋಗಿ ಹತ್ತು ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನಿನಾಗ ಕೇಳ್ರಿ. ಓಣ್ಯಾಗ ಮಗ್ಗ ನಿಲ್ಲೋ ವ್ಯಾಳ್ಯಾ ಯಾವದು ಕೇಳಕೋರಿ, ಮಾತಿನ ಸೀನೆಲ್ಲಾ ಆ ಹೊತ್ತಿಗೆ ಇಡ್ರಿ. ಮಗ್ಗದ ಸಪ್ಪಳ ಕಥಿಗೆ ಬೇಕ ಬೇಕು, ಆದ್ರ ಅದನ್ನ ಬ್ಯಾರೆ ತಗೊಂಡು ಮಿಕ್ಸಿನಾಗ ಹಾಕ್ರಿ. ಆವಾಗ ಎಷ್ಟು ಏರಸಬೇಕು, ಎಲ್ಲಿ ನಿಲ್ಲಸಬೇಕು ನಿಮ್ಮ ಕೈಯಾಗ ಇರತೈತಿ. ಕಬ್ಬಿನ ಹಂಗಾಮಿನಾಗ ಟ್ರ್ಯಾಕ್ಟರು ಡೆಕ್ ಹಚ್ಚಿಕೊಂಡು ಹೊಕ್ಕಾವ, ದೊಡ್ಡ ರಸ್ತಾದ ಮಗ್ಗಲ ಮನಿ ಬ್ಯಾಡ.

ರೊಟ್ಟಿ ಬಡಿಯೋ ಸೀನು ಭಾಳ ಛಲೋ ಐತಿ, ಅಷ್ಟ ಕಠಿಣನೂ ಐತಿ. ಬಡದ ಏಟು ಮಾತಿನ ಮ್ಯಾಲ ಬಿತ್ತಂದ್ರ ಆ ಶಬ್ದ ಹೋತು. ಮೂರು ಉಪಾಯ ಅದಾವ. ಒಂದು, ಅವ್ವನ ಮಾತು ಒಂದು ರೊಟ್ಟಿ ಹಂಚಿಗೆ ಹಾಕಿ ಇನ್ನೊಂದು ಉಂಡಿ ತಗೊಳ್ಳೋ ನಡುವ ಬರೋಹಂಗ ಬರೀರಿ. ಎರಡು, ರೊಟ್ಟಿ ಬಡಿಯೋ ಹಲಗಿ ಕೆಳಗ ಕೌದಿ ನಾಲ್ಕು ಮಡಕಿ ಮಾಡಿ ಹಾಕ್ರಿ, ನೆಲದ ದಣದಣ ಹೋಗಿ ಅಂಗೈ ಸಪ್ಪಳ ಅಷ್ಟ ಉಳಿತೈತಿ. ಮೂರು, ಸೀನ್ ಮುಗದ ಮ್ಯಾಲ ಎಲ್ಲಾರನ್ನೂ ಸುಮ್ಮನ ಕುಂದರಿಸಿ, ಬೂಮ್ (ಕೋಲಿಗೆ ಕಟ್ಟಿದ ಮೈಕ್) ಒಂದೂವರಿ ಅಡಿ ದೂರ ಇಟ್ಟು ಪೂರಾ ಮೂರು ರೊಟ್ಟಿ ಬಡಿಯೋದು, ಹಂಚಿಗೆ ಹಾಕೋದು, ಮ್ಯಾಲ ನೀರ ಸವರೋದು ರೆಕಾರ್ಡ್ ಮಾಡ್ರಿ. ಒಲಿ ಚಟಚಟ ಬ್ಯಾರೆ. ಖಾಲಿ ಕೋಣಿ ಸದ್ದು 60 ಸೆಕೆಂಡ್ ಬ್ಯಾರೆ, ಫ್ಯಾನ್ ಫ್ರಿಜ್ ಬಂದ್ ಮಾಡಿ. ಫ್ರಿಜ್ ಬಂದ್ ಮಾಡಿದಾಗ ಗಾಡಿ ಕೀಲಿ ಅದರೊಳಗ ಇಡ್ರಿ, ಹೋಗೋಮುಂದ ಚಾಲೂ ಮಾಡೋದು ನೆನಪಾಗತೈತಿ.

ಹಿಟ್ಟಿನ ಲೆಕ್ಕನೂ ಬರಕೋರಿ: ಒಂದು ಟೇಕಿಗೆ ಮೂರು ರೊಟ್ಟಿ, ಹತ್ತು ಟೇಕಿಗೆ ಮೂವತ್ತು, ಅಂದ್ರ ಜೋಳದ ಹಿಟ್ಟು 3 ಕಿಲೋ. ಒಮ್ಮೆಲೆ ನಾದಿ ಇಡಬ್ಯಾಡ್ರಿ. ಆರಿದ ಹಿಟ್ಟಿನ ರೊಟ್ಟಿ ಅಂಚು ಬಿರೀತೈತಿ, ಕ್ಲೋಸಪ್‌ನಾಗ ನಮ್ಮ ಕಡೆ ಹೆಣ್ಮಕ್ಕಳಿಗೆ ಮೊದಲು ಕಾಣೋದ ಅದು. ಪ್ರತಿ ಎರಡು ಟೇಕಿಗೆ ಬಿಸಿನೀರು ಹಾಕಿ ಹೊಸದಾಗಿ ನಾದಬೇಕು. ಬುಟ್ಯಾಗ ಎಷ್ಟು ರೊಟ್ಟಿ ಇದ್ದೂ ಅನ್ನೋದನ್ನ ಪ್ರತಿ ಟೇಕಿಗೂ ಫೋಟೋ ತಗೀರಿ. ಬಡಿಯಾಕ ಬರದ ಕಲಾವಿದೆ ಬ್ಯಾಡವ ಬ್ಯಾಡ, ಕೈ ಸುಳ್ಳ ಹೇಳಿದ್ರ ಮುಖ ಎಷ್ಟು ಖರೆ ಹೇಳಿದ್ರೂ ಉಪಯೋಗಿಲ್ಲ.

ಅವ್ವಗ ಇಳಕಲ್ಲ ಸೀರಿ ಉಡಸಿದ್ರ ಕಾಲರ್ ಮೈಕ್ ಸೆರಗಿಗೆ ಹಚ್ಚಬ್ಯಾಡ್ರಿ, ರೇಷ್ಮಿ ಸೆರಗು ಸರಸರ ಅಂತೈತಿ. ಕುಪ್ಪಸದ ಒಳಗ ಮೆತ್ತನ ಟೇಪ್ ಹಚ್ಚಿ ಕೂಡಸ್ರಿ, ಆದ್ರೂ ನಂಬಿಗಿ ಬೂಮ್ ಮ್ಯಾಲ ಇರಲಿ. 48 ಕಿಲೋಹರ್ಟ್ಸ್, 24 ಬಿಟ್. 32 ಬಿಟ್ ಫ್ಲೋಟ್ ಯಂತ್ರ ಸಿಕ್ರ ಅವ್ವ ಪಿಸುಗುಟ್ಟಿದ್ದೂ ಮಗ ಚೀರಿದ್ದೂ ಒಂದ ಟೇಕಿನಾಗ ಉಳಿತಾವ.

ಕ್ಯಾಮೆರಾ 24 ಫ್ರೇಮ್‌ನಾಗ ಇಡ್ರಿ, ಥಿಯೇಟರಿಗೆ ಅದ ಸರಿ. ಆದ್ರ ನಮ್ಮ ಕರೆಂಟು 50 ಹರ್ಟ್ಸ್. 180 ಡಿಗ್ರಿ ಶಟರ್ ಇಟ್ರ ಸೆಕೆಂಡಿನ 48ನೇ ಒಂದು ಪಾಲು (1/48) ಆಗಿ ಟ್ಯೂಬ್‌ಲೈಟ್ ಮಿಣಮಿಣ ಅಂತೈತಿ. 172.8 ಡಿಗ್ರಿ, ಅಂದ್ರ ಸೆಕೆಂಡಿನ 50ನೇ ಒಂದು ಪಾಲು (1/50) ಇಡ್ರಿ, ನಿಲ್ಲತೈತಿ. ಸೋವಿ ಎಲ್‌ಇಡಿ ಬಲ್ಬು ಆದ್ರೂ ಮಿಣಕತಾವ, ಅಂಥವನ್ನ ಬದಲಿ ಮಾಡ್ರಿ. ಮಾಳಿಗಿ ಮನಿ ಬೆಳಕಿಂಡಿಯಿಂದ ಬರೋ ಬಿಸಲ ಕೋಲು ಕಣ್ಣಿಗೆ ಚಂದ, ಆದ್ರ ಅರ್ಧ ತಾಸಿನಾಗ ಜಾಗಾ ಬಿಡತೈತಿ. ಮೊದಲು ಅದರಾಗ ಅಗಲ ಶಾಟ್ ಮುಗಸ್ರಿ. ಆಮ್ಯಾಲ ಕಿಂಡಿ ಮುಚ್ಚಿ, 5600 ಕೆಲ್ವಿನ್ ಎಲ್‌ಇಡಿ ಮ್ಯಾಲಿಂದ ಅದ ಕೋನಕ್ಕ ಹೊಡದು ಕ್ಲೋಸಪ್ ತಗೀರಿ. ನವೆಂಬರಿಂದ ಜನವರಿ ಒಳಗ ಮಾಡ್ರಿ. ಏಪ್ರಿಲ್-ಮೇದಾಗ 40 ಡಿಗ್ರಿ ದಾಟತೈತಿ, ಫ್ಯಾನ್ ಬಂದ್ ಮಾಡಿದ ಕೋಣ್ಯಾಗ ಕ್ಯಾಮೆರಾನೂ ಕಾದು ನಿಲ್ಲತೈತಿ, ಮಂದಿನೂ ನಿಲ್ಲತಾರ.

ಟಿಳಕವಾಡಿ ಓದುಗ (ಬೆಳಗಾವಿ)

ಮೇಲಿನ ಇಬ್ಬರೂ ಬಿಟ್ಟ ಭಾಗ: ಒಪ್ಪಿಗೆ ಮತ್ತು ಕಾಗದ. ಇಂಥ ಚಿತ್ರದಲ್ಲಿ ಇದು ಕಾನೂನಿಗೆ ಮಾತ್ರ ಬೇಕಾದ್ದಲ್ಲ, ಜನರ ಬಾಳಿನ ಪ್ರಶ್ನೆ. ಸಣ್ಣ ಊರಿನಲ್ಲಿ ಒಂದು ವಾಟ್ಸಾಪ್ ಸ್ಟೇಟಸ್ ಸಾಕು, ಒಬ್ಬನ ಕೆಲಸ, ಬಾಡಿಗೆ ಮನೆ, ತಂಗಿಯ ಮದುವೆ ಎಲ್ಲ ಅಲುಗಾಡುತ್ತವೆ.

ಕಲಾವಿದರ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆಸಿ, ಓದಿ ಹೇಳಿ, ಸಹಿ ಹಾಕಿಸಿ. ಒಂದೇ ಸಾಲಿನಲ್ಲಿ ಎಲ್ಲ ಹಕ್ಕು ಅಂತ ಬರೆಯಬೇಡಿ. ಉತ್ಸವ, ಅಂತರ್ಜಾಲ, ಟಿವಿ, ಪೋಸ್ಟರ್, ಟ್ರೇಲರ್, ಹೀಗೆ ಒಂದೊಂದಕ್ಕೂ ಬೇರೆ ಚೌಕ ಇಟ್ಟು ಗುರುತು ಹಾಕಿಸಿ. ಚಿತ್ರದಲ್ಲಿ ನಟಿಸಲು ಒಪ್ಪಿದವರು ಪೋಸ್ಟರಿನಲ್ಲಿ ಮುಖ ಬೇಡ ಅನ್ನಬಹುದು, ಅದು ನ್ಯಾಯ. ಹೆಸರಿನ ಬದಲು ಬೇರೆ ಹೆಸರು ಹಾಕುವ ಅವಕಾಶವೂ ಪತ್ರದಲ್ಲೇ ಇರಲಿ. ನಟಿಸುವವರು ನಿಜಜೀವನದಲ್ಲಿ ಏನು ಅಂತ ಕೇಳಬೇಡಿ, ಪತ್ರಿಕೆಯವರಿಗೆ ಹೇಳಲೂ ಬೇಡಿ. ಸೆಟ್ಟಿನ ಫೋಟೋಗಳನ್ನು ಒಬ್ಬರೇ ತೆಗೆಯಲಿ, ಉಳಿದವರ ಫೋನು ಚೀಲದಲ್ಲಿರಲಿ. ಅಪ್ಪಿಕೊಳ್ಳುವ, ಮುಟ್ಟುವ ಶಾಟ್ ಇದ್ದರೆ ಯಾವ ಕೈ ಎಲ್ಲಿ ಅನ್ನುವುದರ ಮಟ್ಟಿಗೆ ಮೊದಲೇ ತಾಲೀಮು ಮಾಡಿ, ಶೂಟಿಂಗ್ ದಿನ ಬೇಕಾದ ನಾಲ್ಕೈದು ಮಂದಿಯನ್ನಷ್ಟೇ ಒಳಗೆ ಬಿಡಿ. ಇಂಥ ದೃಶ್ಯದಲ್ಲಿ 18 ತುಂಬದವರು ಇರಕೂಡದು, ವಯಸ್ಸಿನ ದಾಖಲೆಯ ಪ್ರತಿ ಕಡತದಲ್ಲಿರಲಿ.

ಮನೆಯ ಮಾಲೀಕರಿಗೆ ಸಂಸಾರದ ಕಥೆ ಅಂತ ಹೇಳಿ ಕೆಲಸ ಮುಗಿಸುವ ಆಸೆ ಬರುತ್ತದೆ. ಬೇಡ. ಒಂದು ಪುಟದ ಸಾರಾಂಶ ಕೊಟ್ಟು ಓದಿಸಿ ಸಹಿ ಪಡೆಯಿರಿ. ಎರಡನೇ ದಿನ ಯಾರೋ ಬಂದು ಕಿವಿಯೂದಿ ಶೂಟಿಂಗ್ ನಿಂತರೆ ಅರ್ಧ ಚಿತ್ರ ಕೈಯಲ್ಲಿ ಉಳಿಯುತ್ತದೆ, ಆ ಮನೆಯವರ ನಂಬಿಕೆಯೂ ಹೋಗುತ್ತದೆ. ರಸ್ತೆಯ ಶಾಟ್ ಇದ್ದರೆ ಪೊಲೀಸ್ ಠಾಣೆಗೆ ಮತ್ತು ನಗರಸಭೆಗೆ ದಿನಾಂಕ, ಹೊತ್ತು, ಜನರ ಸಂಖ್ಯೆ ಬರೆದ ಅರ್ಜಿ ಕೊಟ್ಟು, ಸ್ವೀಕೃತಿ ಮೊಹರಿನ ಪ್ರತಿ ಜೇಬಿನಲ್ಲಿಡಿ.

ಸೆನ್ಸಾರ್ ವಿಷಯ. ಉತ್ಸವಕ್ಕೆ ಬೇಡ: ಉತ್ಸವ ನಡೆಸುವವರು ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆದಿರುತ್ತಾರೆ. ಆದರೆ ಆ ವಿನಾಯಿತಿ ಆ ಉತ್ಸವಕ್ಕೆ, ಆ ದಿನಗಳಿಗೆ ಮಾತ್ರ. ಅಂತರ್ಜಾಲಕ್ಕೂ ಬೇಡ, ಒಟಿಟಿಯವರು 2021ರ ನಿಯಮದ ಪ್ರಕಾರ ತಾವೇ ವಯಸ್ಸಿನ ವರ್ಗ ಹಾಕುತ್ತಾರೆ. ಥಿಯೇಟರಿನಲ್ಲಿ, ಸಾರ್ವಜನಿಕರಿಗೆ ತೆರೆದ ಸಭಾಂಗಣದಲ್ಲಿ ತೋರಿಸಲು ಪ್ರಮಾಣಪತ್ರ ಬೇಕೇ ಬೇಕು. ಸೆನ್ಸಾರ್ ಮಂಡಳಿಯ ಇ-ಸಿನೇಪ್ರಮಾಣ್ ಜಾಲತಾಣದಲ್ಲಿ ಬೆಂಗಳೂರು ಪ್ರಾದೇಶಿಕ ಕಚೇರಿಗೆ ಅರ್ಜಿ ಹೋಗುತ್ತದೆ. ಸಂಭಾಷಣೆಯ ಪೂರ್ತಿ ಪ್ರತಿ, ಹಾಡಿದ್ದರೆ ಸಾಹಿತ್ಯ, ಸಾರಾಂಶ ಕೇಳುತ್ತಾರೆ. 2023ರ ತಿದ್ದುಪಡಿಯ ನಂತರ ಯು/ಎ ಒಳಗೇ 7+, 13+, 16+ ಅಂತ ಮೂರು ಮೆಟ್ಟಿಲು ಆಗಿವೆ, ಪ್ರಮಾಣಪತ್ರಕ್ಕೆ ಇದ್ದ ಹತ್ತು ವರ್ಷದ ಗಡುವೂ ಹೋಗಿದೆ. ಪರಿಶೀಲನಾ ಸಮಿತಿಯ ನಿರ್ಧಾರ ಒಪ್ಪದಿದ್ದರೆ ಮರುಪರಿಶೀಲನಾ ಸಮಿತಿ, ಅದೂ ಆಗದಿದ್ದರೆ ಹೈಕೋರ್ಟ್. ನಡುವೆ ಇದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದರು. ಸಣ್ಣ ನಿರ್ಮಾಪಕರಿಗೆ ಇದರಿಂದ ನಿಜಕ್ಕೂ ತೊಂದರೆಯಾಗಿದೆ, ಹೈಕೋರ್ಟಿಗೆ ಹೋಗುವ ದುಡ್ಡಿನಲ್ಲಿ ಇನ್ನೊಂದು ಕಿರುಚಿತ್ರವೇ ಆಗುತ್ತದೆ. ಹಾಗಾಗಿ ಆಕ್ಷೇಪ ಬರಬಹುದಾದ ಸಾಲುಗಳು ಯಾವುವು, ಅವು ಕಥೆಗೆ ಯಾಕೆ ಬೇಕು ಅಂತ ಒಂದು ಪುಟದ ಟಿಪ್ಪಣಿ ಮೊದಲೇ ಬರೆದಿಟ್ಟುಕೊಳ್ಳಿ.

ನಮ್ಮ ಕಡೆಯ ಚಿತ್ರಗಳು ಮುಗ್ಗರಿಸುವುದು ವಿಷಯಕ್ಕಿಂತ ಹೆಚ್ಚಾಗಿ ಎರಡು ಸಣ್ಣ ಕಾರಣಗಳಿಗೆ. ಒಂದು ತಂಬಾಕು. ಅಪ್ಪನ ಪಾತ್ರ ಅಂಗೈಯಲ್ಲಿ ಸುಣ್ಣ ತಂಬಾಕು ತಿಕ್ಕಿದರೂ ಅದು ತಂಬಾಕಿನ ದೃಶ್ಯವೇ. ಶುರುವಿನಲ್ಲಿ ಮತ್ತು ನಡುವೆ 30 ಸೆಕೆಂಡಿನ ಎಚ್ಚರಿಕೆ, 20 ಸೆಕೆಂಡಿನ ಹೇಳಿಕೆ, ಆ ದೃಶ್ಯ ಇರುವಷ್ಟು ಹೊತ್ತು ಕೆಳಗೆ ಬರಹ. 14 ನಿಮಿಷದ ಚಿತ್ರಕ್ಕೆ ಇದು ಭಾರ. ಬರಿ ಎಲೆ ಅಡಿಕೆ ಕೊಡಿ. ಇನ್ನೊಂದು ದನಕರು. ಎತ್ತು, ಆಕಳು, ಮೇಕೆಯನ್ನು ದೃಶ್ಯದಲ್ಲಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಕೇಳುತ್ತಾರೆ, ಶೂಟಿಂಗ್‌ಗೆ ಮುಂಚೆ ಅರ್ಜಿ ಹಾಕಿರದಿದ್ದರೆ ಪರದಾಟ. ಕಥೆಗೆ ಬೇಕಿಲ್ಲದಿದ್ದರೆ ಚೌಕಟ್ಟಿನ ಹೊರಗೆ ಕಟ್ಟಿಸಿ.

ಮಗ್ಗದಮನಿ (ರಬಕವಿ-ಬನಹಟ್ಟಿ)

ಅಣ್ಣಾವ್ರೆ, ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಉಪಕಾರ. ತಂಬಾಕು ಇತ್ತು, ತೆಗೆದೆವು. ಇನ್ನೆರಡು ಕೇಳಬೇಕಿತ್ತು. ಹಿನ್ನೆಲೆ ಕಥೆಯಾಗಿ ಸವದತ್ತಿ ಗುಡ್ಡದಲ್ಲಿ ಜೋಗಪ್ಪರ ಹಾಡಿನ ಒಂದು ದೃಶ್ಯ, ಬಾದಾಮಿ ಗುಹೆಗಳ ಮುಂದೆ ಗೆಳೆಯರಿಬ್ಬರು ಕೂರುವ ಒಂದು ದೃಶ್ಯ ಇದೆ. ಇಟ್ಟುಕೊಳ್ಳಬಹುದೇ?

ಮಲಪ್ರಭಾ (ಸವದತ್ತಿ)

ಜೋಗಪ್ಪರ ದೃಶ್ಯ ಯಾಕ ಬೇಕಾಗೈತಿ ಅಂತ ಮೊದಲು ನೀವ ಕೇಳಕೋರಿ ತಮ್ಮಾ. ನಿಮ್ಮ ಹುಡುಗ ಗೇ. ಜೋಗಪ್ಪರು ಯಲ್ಲಮ್ಮನ ಸೇವಾಕ್ಕ ಮುತ್ತು ಕಟ್ಟಿಸಿಕೊಂಡು, ಸೀರಿ ಉಟ್ಟು, ಹೆಣ್ಣಾಗಿ ಬಾಳೇವು ಮಾಡೋರು. ಎರಡೂ ಬ್ಯಾರೆ ಬ್ಯಾರೆ ಬದುಕು. ಗೇ ಹುಡುಗ ಅಂದಕೂಡ್ಲೆ ಜೋಗಪ್ಪನ್ನ ತೋರಿಸಿದ್ರ, ಎರಡೂ ಒಂದ ಅಂತ ಮಂದಿ ಮೊದಲ ತಿಳಕೊಂಡಿದ್ದನ್ನ ನೀವು ಇನ್ನಷ್ಟು ಗಟ್ಟಿ ಮಾಡಿದಂಗ. ಊರಾಗ ಮಂದಿ ಅವನಿಗೆ ಹಂಗ ಚುಚ್ಚತಾರ ಅನ್ನೋದು ಕಥ್ಯಾಗ ಇದ್ರ ಒಂದು ಮಾತಿನಾಗ ಬರಲಿ, ಸಾಕು.

ಇಷ್ಟಾಗೂ ಇಡೋದ ಆದ್ರ ಬನದ ಹುಣ್ಣಿವಿ, ಭರತ ಹುಣ್ಣಿವಿ ಜಾತ್ರ್ಯಾಗ ಕ್ಯಾಮೆರಾ ಹಿಡಕೊಂಡು ಗುಡ್ಡಕ್ಕ ಬರಬ್ಯಾಡ್ರಿ. ಲಕ್ಷಗಟ್ಟಲೆ ಮಂದಿ ನಡುವ ಯಾರ ಒಪ್ಪಿಗಿನೂ ಕೇಳಾಕ ಆಗಂಗಿಲ್ಲ. ಮುತ್ತು ಕಟ್ಟೋದು ಗಿಟ್ಟೋದು ತೋರಸಾಕ ಹೋಗಲೇಬ್ಯಾಡ್ರಿ, ದೇವದಾಸಿ ಪದ್ಧತಿಗೆ 1982ರಿಂದನ ಕಾನೂನಿನ ನಿಷೇಧ ಐತಿ, ನಿಮಗ ಮಾಹಿತಿ ಕೊಟ್ಟವರಿಗೂ ತ್ರಾಸ ಆದೀತು. ಚೌಡಿಕಿ ಹಾಡು ಬೇಕಂದ್ರ ಹಾಡೋರನ್ನ ಹುಡುಕಿ, ಒಂದು ಮನ್ಯಾಗ ಕುಂತು, ದಿನದ ಸಂಭಾವನಿ ಮುಂಚೇನ ಮಾತಾಡಿ, ರೊಕ್ಕ ಅವತ್ತ ಕೈಯಾಗ ಕೊಟ್ಟು ರೆಕಾರ್ಡ್ ಮಾಡ್ರಿ. ಹಾಡು ಹಿಂದಿನದ ಇದ್ರೂ ಹಾಡಿದವರಿಗೆ ಪ್ರದರ್ಶಕರ ಹಕ್ಕು ಕಾನೂನಿನಾಗ ಐತಿ, ಅದಕ್ಕ ಬರದು ಸಹಿ ತಗೊಳ್ಳದ ಸಿನಿಮಾದಾಗ ಹಾಕಂಗಿಲ್ಲ. ಹೆಸರು ಅವರು ಹೇಳಿದಂಗ, ಅವರು ಬಯಸೋ ರೂಪದಾಗ ಬರೀರಿ. ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಾಗ ಪದ್ಮಶ್ರೀ ತಗೊಂಡ್ರು. ಈ ಕಲಾವಿದರಿಗೆ ತಮ್ಮ ಬೆಲಿ ಗೊತ್ತೈತಿ, ಗೊತ್ತಿರಬೇಕು.

ಬಾದಾಮಿ ಗುಹೆ ಪುರಾತತ್ವ ಇಲಾಖೆ ಕೈಯಾಗ ಐತಿ. ಟ್ರೈಪಾಡ್ ನೆಲಕ್ಕ ಇಡಾಕೂ ಮುಂಗಡ ಪರವಾನಗಿ ಬೇಕು, ದಿನದ ಶುಲ್ಕ, ಠೇವಣಿ ಬ್ಯಾರೆ. ಗೋಳಗುಮ್ಮಟ, ಐಹೊಳಿ, ಪಟ್ಟದಕಲ್ಲು ಎಲ್ಲಾ ಹಂಗ. ನಿಮ್ಮ 2 ಲಕ್ಷದಾಗ ಅದು ಕುಂದರಂಗಿಲ್ಲ. ಗೆಳೆಯರಿಬ್ಬರು ಕೂಡಾಕ ಹೊಲದ ಬದು, ಕೆನಾಲ್ ದಂಡಿ ಸಾಲದೇನು? ನೋಡಿದವರಿಗೆ ಬಾದಾಮಿ ಅಂದ್ರ ಪ್ರವಾಸ ನೆನಪಾಗತೈತಿ, ನಿಮ್ಮ ಕಥಿ ಮರೀತೈತಿ.

ಟಿಳಕವಾಡಿ ಓದುಗ (ಬೆಳಗಾವಿ)

ಅಕ್ಕಾರ ಮಾತು ಪೂರ್ತಿ ಒಪ್ಪುತ್ತೇನೆ. ಡ್ರೋನ್ ಆಸೆ ಇದ್ದರೆ ಒಂದು ಸೇರಿಸುತ್ತೇನೆ: ಮೊದಲು ಡ್ರೋನ್ ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ನೋಡಿ. ಬೆಳಗಾವಿಯಲ್ಲಿ ಸಾಂಬ್ರಾ ವಿಮಾನ ನಿಲ್ದಾಣ, ವಾಯುಪಡೆಯ ತರಬೇತಿ ಕೇಂದ್ರ, ಕ್ಯಾಂಪ್ ಪ್ರದೇಶದ ಸೇನಾ ಜಾಗ ಇವೆಲ್ಲ ಇರುವುದರಿಂದ ಇಲ್ಲಿ ಹಾರಿಸುವ ಯೋಚನೆ ಬಿಡಿ.

ಕೃಷ್ಣಾತೀರ (ವಿಜಯಪುರ)

ಉಳಿದದ್ದು ಕಳಿಸುವ ವಿಷಯ. ಮುಗಿದ ಖುಷಿಯಲ್ಲಿ ಯೂಟ್ಯೂಬ್‌ಗೆ ಹಾಕಬೇಡಿ. ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವ ಚಿತ್ರವನ್ನು ಎಷ್ಟೋ ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ವಿಮಿಯೋದಲ್ಲಿ ಪಾಸ್‌ವರ್ಡ್ ಹಾಕಿ ಇಡಿ, ಒಮ್ಮೆ ಕಳಿಸಿದ ಮೇಲೆ ಪಾಸ್‌ವರ್ಡ್ ಬದಲಿಸಬೇಡಿ. ಆಯ್ಕೆ ಮಾಡುವವರು ತಿಂಗಳುಗಟ್ಟಲೆ ಬಿಟ್ಟು ತೆರೆಯುತ್ತಾರೆ.

ಕ್ರಮ ಹೀಗಿರಲಿ. ಮೊದಲು ಕಶಿಶ್. ಅರ್ಜಿ ಫಿಲ್ಮ್‌ಫ್ರೀವೇ ಅನ್ನುವ ಜಾಲತಾಣದ ಮೂಲಕ. ಕಿರುಚಿತ್ರಕ್ಕೆ ಕ್ಯೂದೃಷ್ಟಿ ಅನ್ನುವ ಅನುದಾನವನ್ನೂ ಅವರು ನಡೆಸಿದ್ದಾರೆ. ಮುಂದಿನ ಸ್ಕ್ರಿಪ್ಟಿಗೆ ಆಯಾ ವರ್ಷದ ಷರತ್ತು ಓದಿ ನೋಡಿ. ನಂತರ ಬೆಂಗಳೂರು ಕ್ವಿಯರ್ ಚಿತ್ರೋತ್ಸವ, 2008ರಿಂದ ಸ್ವಯಂಸೇವಕರೇ ನಡೆಸಿಕೊಂಡು ಬಂದದ್ದು. ಅಲ್ಲಿ ಕನ್ನಡ ಬಲ್ಲ ಪ್ರೇಕ್ಷಕರು ಸಿಗುತ್ತಾರೆ, ನಿಮ್ಮ ಭಾಷೆಯ ಲಯ ಸಬ್‌ಟೈಟಲ್ ಇಲ್ಲದೆ ಮುಟ್ಟುವುದು ಅಲ್ಲೇ. ಹೊರದೇಶದ ಉತ್ಸವಗಳ ಶುಲ್ಕ ಡಾಲರಿನಲ್ಲಿ, ಒಂದೊಂದಕ್ಕೂ ಎರಡು-ಮೂರು ಸಾವಿರ ರೂಪಾಯಿ ಸುಲಭವಾಗಿ ಹೋಗುತ್ತದೆ. ಹಿಂದಿನ ವರ್ಷಗಳಲ್ಲಿ ದಕ್ಷಿಣ ಏಷ್ಯಾದ ಚಿತ್ರ ತೋರಿಸಿದ ಐದನ್ನು ಮಾತ್ರ ಆರಿಸಿ. ಅರ್ಜಿ ಹಾಕುವ ಮುನ್ನ ಶುಲ್ಕ ಮಾಫಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ, ಕೇಳುವುದರಲ್ಲಿ ಸಂಕೋಚ ಬೇಡ.

ಇಂಗ್ಲಿಷ್ ಸಬ್‌ಟೈಟಲ್: ಎರಡು ಸಾಲು ಮೀರಬಾರದು, ಸಾಲಿಗೆ 42 ಅಕ್ಷರ, ಸೆಕೆಂಡಿಗೆ 17 ಅಕ್ಷರದ ಓದಿನ ವೇಗ. ಅವ್ವ ಮಾತಾಡಿ ಸುಮ್ಮನಾದ ಮೇಲೆ ಅಕ್ಷರ ತೆರೆಯ ಮೇಲೆ ಉಳಿಯಬಾರದು, ಆ ಮೌನವನ್ನು ಅದು ಕೆಡಿಸುತ್ತದೆ. ಶೀರ್ಷಿಕೆ, ಹೆಸರುಗಳು ಕನ್ನಡದಲ್ಲಿ ಹಾಕುವಾಗ ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್‌ನ ಗ್ರಾಫಿಕ್ಸ್ ಆಯ್ಕೆಯಲ್ಲಿ ದಕ್ಷಿಣ ಏಷ್ಯಾದ ಪಠ್ಯ ಎಂಜಿನ್ ಆನ್ ಮಾಡಿ, ಇಲ್ಲದಿದ್ದರೆ ಒತ್ತಕ್ಷರ ಬಿಟ್ಟುಹೋಗಿ ಬನಹಟ್ಟಿ ಬನಹಟ್‌ಟಿ ಆಗುತ್ತದೆ. ಥಿಯೇಟರ್ ಪ್ರತಿಯಲ್ಲಿ ಕನ್ನಡ ಅಕ್ಷರವನ್ನು ಚಿತ್ರದ ಮೇಲೇ ಅಚ್ಚೊತ್ತಿಸಿ, ಪ್ರೊಜೆಕ್ಟರಿನ ಫಾಂಟ್ ನಂಬಬೇಡಿ.

ಡಿಸಿಪಿಯನ್ನು ಡಿಸಿಪಿ-ಓ-ಮ್ಯಾಟಿಕ್ ಅನ್ನುವ ಉಚಿತ ತಂತ್ರಾಂಶದಲ್ಲೇ ಮಾಡಬಹುದು. ತೆರೆಯ ಅಳತೆ ಫ್ಲ್ಯಾಟ್ ಆದರೆ 1998×1080, ಸ್ಕೋಪ್ ಆದರೆ 2048×858. 1920×1080ರಲ್ಲಿ ಮುಗಿಸಿದ ಚಿತ್ರಕ್ಕೆ ಎರಡೂ ಪಕ್ಕ ಸಣ್ಣ ಕಪ್ಪು ಪಟ್ಟಿ ಬರುತ್ತದೆ, ಅದು ಇರಲಿ, ಎಳೆದು ಹಿಗ್ಗಿಸಬೇಡಿ. ಧ್ವನಿಯಲ್ಲಿ ಎರಡು ಕಡೆ ಜಾರುತ್ತಾರೆ. ಅಂತರ್ಜಾಲಕ್ಕೆಂದು ಮೈನಸ್ 14 ಲಫ್ಸ್‌ಗೆ (ಶಬ್ದದ ಜೋರು ಅಳೆಯುವ ಮಾನ) ಏರಿಸಿದ ಮಿಕ್ಸನ್ನೇ ಥಿಯೇಟರಿಗೂ ಕೊಟ್ಟರೆ ಕಿವಿಗೆ ಬಡಿಯುತ್ತದೆ, ಆಪರೇಟರ್ ಶಬ್ದ ಇಳಿಸುತ್ತಾನೆ, ಅವ್ವನ ಪಿಸುಮಾತು ಮುಳುಗುತ್ತದೆ. ಎರಡಕ್ಕೂ ಬೇರೆ ಬೇರೆ ಮಿಕ್ಸ್ ಮಾಡಿಸಿ. ಬರೀ ಸ್ಟೀರಿಯೋ ಕೊಟ್ಟರೆ ಪಕ್ಕದ ಸೀಟಿನವರಿಗೆ ಮಾತು ಒಂದೇ ಗೋಡೆಯಿಂದ ಬಂದಂತೆ ಕೇಳುತ್ತದೆ, ಆದ್ದರಿಂದ ಸಂಭಾಷಣೆಯನ್ನು ನಡುವಿನ ಸ್ಪೀಕರಿಗೆ ಹಾಕಿಸಿ. ಡಿಸ್ಕನ್ನು ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಮ್ಯಾಕ್ ಮಾದರಿಯದನ್ನು ಥಿಯೇಟರಿನ ಸರ್ವರ್ ಓದುವುದಿಲ್ಲ.

ಕೈಗೆ ಬಂದ ಡಿಸ್ಕನ್ನು ಕಳಿಸುವ ಮುಂಚೆ ಹತ್ತಿರದ ಡಿಜಿಟಲ್ ಥಿಯೇಟರಿನ ಆಪರೇಟರನ್ನು ಕೇಳಿ, ಬೆಳಗಿನ ಆಟಕ್ಕೆ ಮುನ್ನ ಇಪ್ಪತ್ತು ನಿಮಿಷ ಬಿಡುವು ಪಡೆದು ಪೂರ್ತಿ ಓಡಿಸಿ. ಒಬ್ಬರು ನಡುವೆ, ಒಬ್ಬರು ಕೊನೆಯ ಸಾಲಿನಲ್ಲಿ, ಒಬ್ಬರು ಎಡಗೋಡೆಯ ಪಕ್ಕ ಕೂತು ಪ್ರತಿ ಮಾತು ಕೇಳುತ್ತದೆಯೇ ಅಂತ ಸ್ಕ್ರಿಪ್ಟ್ ಹಿಡಿದು ಗುರುತು ಹಾಕಿಕೊಳ್ಳಿ. ಮೂರು ಪ್ರತಿ ಇರಲಿ: ಒಂದು ಉತ್ಸವಕ್ಕೆ, ಒಂದು ನಿಮ್ಮ ಮನೆಯಲ್ಲಿ, ಒಂದು ಬೇರೆ ಊರಿನಲ್ಲಿರುವ ಗೆಳೆಯರ ಹತ್ತಿರ.